ಲೆವೆಲ್ ಮಾಡಿದ ನೆಲ

ಅಕ್ಟೋಬರ್ ೧೨, ರವಿವಾರ, ಬೆಳಿಗ್ಗೆ ಆರು ನಲವತ್ತಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ನಾಲ್ಕು ತಿಂಗಳ ದಿನಚರಿ ಮುಂದಿದೆ. ಅದರಲ್ಲಿ ಎರಡು ಲೆಕ್ಕಗಳಿವೆ. ಒಂದು ತಮಾಷೆಗೆಂದು ನಾನೇ ಇಟ್ಟದ್ದು. ಇನ್ನೊಂದು ನನ್ನ ಗಮನಕ್ಕೆ ಬಾರದೆ ಪುಟಗಳ ಅಂಚಿನಲ್ಲಿ ಬೆಳೆದದ್ದು. ಮೊದಲನೆಯದನ್ನೇ ಮೊದಲು ಹೇಳುತ್ತೇನೆ.

ಸಿವಿಲ್ ಡಿಪ್ಲೊಮಾ ಮುಗಿಸಿ ಜೂನ್ ೨ರಂದು ಗೋಕಾಕದ ಒಬ್ಬ ಗುತ್ತಿಗೆದಾರರ ಬಳಿ ಕೆಲಸಕ್ಕೆ ಸೇರಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಸಿಮೆಂಟ್ ರಸ್ತೆ, ಗಟಾರು ಮಾಡಿಸುವವರು ಅವರು. ಮುಕ್ಕಾಲಿಯ ಮೇಲೆ ಯಂತ್ರ ನಿಲ್ಲಿಸಿ, ಅದರ ದುರ್ಬೀನಿನಲ್ಲಿ ನೋಡುತ್ತ, ದೂರದಲ್ಲಿ ಹಿಡಿದ ಅಳತೆಪಟ್ಟಿಯ ಅಂಕಿ ಓದಿ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ. ನೆಲ ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂಬುದು ಇದರಿಂದ ತಿಳಿಯುತ್ತದೆ. ಇದಕ್ಕೆ ಲೆವೆಲ್ ತೆಗೆಯುವುದು ಎನ್ನುತ್ತಾರೆ. ಮೊದಲ ದಿನ ಚಹಾ ಬರುವುದರೊಳಗೆ ಮೇಸ್ತ್ರಿ ಆ ಪದವನ್ನು ಹದಿನಾಲ್ಕು ಸಲ ಅಂದಿದ್ದ. ಲೆವೆಲ್ ತಗಿ, ಲೆವೆಲ್ ಹಚ್ಚು, ಲೆವೆಲ್ ಕುಂದ್ರಿಸು, ಲೆವೆಲ್ ಹೊಡಿ. ಆ ಸಂಜೆ ದಿನಚರಿಯ ಕೊನೆಯ ಪುಟ ತೆರೆದು ಹದಿನಾಲ್ಕು ಗೆರೆ ಎಳೆದೆ. ಮರುದಿನದಿಂದ ಎಲ್ಲಿ ಕೇಳಿದರೂ ಒಂದು ಗೆರೆ, ಬಾಜೂಕ ಊರಿನ ಹೆಸರು, ಯಾವ ಅರ್ಥದಲ್ಲಿ ಎಂಬ ಒಂದು ಸಾಲು. ಜಾಗದ ಮೇಲಿನ ಗಂಡಸರಿಗೆ ಇದು ಗೊತ್ತಾಗಿ ನನಗೆ ಲೆವೆಲ್ ಮ್ಯಾಡಮ್ ಎಂದು ಹೆಸರಿಟ್ಟರು.

ಮೂಡಲಗಿಯಲ್ಲಿ ಕಾಲುವೆ ಪಕ್ಕದ ಹೊಲಕ್ಕೆ ಟ್ರ್ಯಾಕ್ಟರ್ ತರಿಸಿದ್ದ ರೈತನೊಬ್ಬ, "ಮುಂಜಾನಿಂದ ಲೆವೆಲ್ ಹೊಡಸಾಕತ್ತೇನ್ರಿ, ಇನ್ನ ನೀರ ತಾನಾ ನಡಕೊಂಡ ಹೊಕ್ಕೈತಿ" ಎಂದ. ಅದೇ ಊರಿನ ಬಸ್ ನಿಲ್ದಾಣದಲ್ಲಿ ಹೊಸ ಕನ್ನಡಕ ಹಾಕಿಕೊಂಡು ಬಂದವನಿಗೆ ಅವನ ಗೆಳೆಯ, "ಭಾಳ ಲೆವೆಲ್ ತೋರಸಬ್ಯಾಡ, ಅಂಗಿ ಗುಂಡಿ ಒಂದ ಹರದೈತಿ" ಎಂದ. ಹುಕ್ಕೇರಿ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಹೆಣ್ಣು ನೋಡಿಕೊಂಡು ಬರುತ್ತಿದ್ದ ಇಬ್ಬರು ಹೆಂಗಸರಿದ್ದರು. "ಹುಡಗಿ ಚಲೋ ಅದಾಳ, ಖರೆ ಆ ಮಂದಿ ನಮ್ಮ ಲೆವೆಲ್ಲಿನವರಲ್ಲ" ಎಂದು ಒಬ್ಬಾಕೆ ಅಂದರೆ ಇನ್ನೊಬ್ಬಾಕೆ, "ನಮ್ಮ ಲೆವೆಲ್ ಯಾವದ ಅನ್ನೂದ ಚಹಾದ ಕಪ್ ನೋಡೇ ತಿಳದಾರ ಅವರು" ಎಂದಳು. ಗೋಕಾಕದ ದವಾಖಾನೆಯಲ್ಲಿ ಬಸುರಿ ಅಕ್ಕನ ಚೀಟಿ ನೋಡಿದ ನರ್ಸ್, "ರಕ್ತದ ಲೆವೆಲ್ ಕಮ್ಮಿ ಐತಿ, ಸೊಪ್ಪ ತಿನ್ನವಾ" ಎಂದಳು. ನನ್ನ ಪಕ್ಕ ಕೂತ ಮುದುಕನಿಗೆ ಸಕ್ಕರೆಯ ಲೆವೆಲ್ಲು. ಅವನ ಮೊಮ್ಮಗಳಿಗೆ ಮೊಬೈಲ್ ಆಟದ ಒಂಬತ್ತನೆಯ ಲೆವೆಲ್ಲು.

ಸೆಪ್ಟೆಂಬರ್ ಮೊದಲ ವಾರದವರೆಗೆ ಒಟ್ಟು ೪೧೨ ಗೆರೆಗಳಾದವು. ಅದರಲ್ಲಿ ೧೮೭ "ಲೆವೆಲ್ ಮಾಡು" ಎಂಬುವು. ಮಣ್ಣಿಗೂ ಸಿಮೆಂಟಿಗೂ ಸಂಬಂಧವಿಲ್ಲದವು ಅವುಗಳಲ್ಲಿ ಅರ್ಧಕ್ಕರ್ಧ ಇದ್ದವು. ಅಣ್ಣತಮ್ಮಂದಿರ ಜಗಳ ಲೆವೆಲ್ ಮಾಡುವುದು, ಗಟಾರು ಅಗೆಯುವಾಗ ಒಡೆದ ನಳದ ಮೇಲೆ ಮಣ್ಣು ಎಳೆದು ಲೆವೆಲ್ ಮಾಡುವುದು, ಸಾಹೇಬರ ಸಿಟ್ಟು ಲೆವೆಲ್ ಮಾಡುವುದು. ಗೋಡೆ ಕಟ್ಟುವ ಮುದುಕ ಗೌಂಡಿಗಳ ಬಳಿ ಮಟ್ಟ, ರಸಮಟ್ಟ ಎಂಬ ಒಳ್ಳೆಯ ಮಾತುಗಳಿವೆ. ಆದರೆ ಮಟ್ಟ ಎಂದರೆ ಅಳೆದು ನೋಡುವುದು. ಲೆವೆಲ್ ಮಾಡುವುದಕ್ಕೆ ಅಳೆಯುವ ಗೊಡವೆ ಇಲ್ಲ. ಕಣ್ಣಿಗೆ ಸಮ ಕಂಡರೆ ಸಾಕು.

ಇನ್ನು ಮನೆಯ ವಿಷಯ.

ನಮ್ಮದು ಅಂಕಲಗಿ ಹತ್ತಿರದ ಹಳ್ಳಿ. ಕಲ್ಲು ಮಣ್ಣಿನ ಗೋಡೆಯ ಹಳೆಯ ಮನೆ. ಪಡಸಾಲೆಗೆ ಫರಸಿಕಲ್ಲು ಹಾಸಿದೆ, ಒಳಕೋಣೆಗೆ ಇನ್ನೂ ಮಣ್ಣಿನ ನೆಲ, ಸಗಣಿ ಸಾರಿಸುತ್ತಾರೆ. ಕೋಣೆಯ ಒಂದು ಗೋಡೆ ಓಣಿಯ ಕಡೆಗಿದೆ. ನಾನು ಸಣ್ಣವಳಿದ್ದಾಗ ಓಣಿಯಿಂದ ಮೂರು ಮೆಟ್ಟಿಲು ಹತ್ತಿ ಮನೆಯೊಳಗೆ ಬರುತ್ತಿದ್ದೆವು. ಆಮೇಲೆ ಓಣಿಗೆ ಸಿಮೆಂಟ್ ರಸ್ತೆಯಾಯಿತು. ಅದು ಕೆಟ್ಟ ಮೇಲೆ ಒಡೆದು ತೆಗೆಯದೆ ಅದರ ಮೇಲೆಯೇ ಇನ್ನೊಂದು, ಮತ್ತೆ ಅದರ ಮೇಲೆ ಮೂರನೆಯದು. ಈಗ ರಸ್ತೆಯಿಂದ ಒಂದು ಮೆಟ್ಟಿಲು ಇಳಿದು ಮನೆಯೊಳಗೆ ಹೋಗುತ್ತೇವೆ. ಮಳೆ ಬಂದರೆ ಓಣಿಯ ನೀರೆಲ್ಲ ನಮ್ಮ ಗೋಡೆಯ ಬುಡಕ್ಕೆ ನಿಲ್ಲುತ್ತದೆ. ಅವ್ವ ಮಣ್ಣಿನ ಒಡ್ಡು ಕಟ್ಟುತ್ತಾಳೆ, ಮುಂದಿನ ಮಳೆಗೆ ಅದು ಕರಗುತ್ತದೆ.

ಜೂನ್ ೧೧ಕ್ಕೆ ಸೀಮಂತದ ಕುಬಸ ಮುಗಿಸಿಕೊಂಡು ಅಕ್ಕ ಹುಕ್ಕೇರಿಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಒಳಕೋಣೆ ಅವಳಿಗಾಯಿತು. ಅಪ್ಪ ಯಮಕನಮರಡಿಯಲ್ಲಿ ಸರಕಿನ ಗಾಡಿ ಓಡಿಸುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ನಾವು ಮೂವರೇ. ಕೋಣೆಯ ಓಣಿ ಕಡೆಯ ಮೂಲೆಯಲ್ಲಿ ನೆಲ ತುಸು ತಗ್ಗಾಗಿತ್ತು. ಬಸುರಿ ಎಡವಿ ಬಿದ್ದಾಳೆಂದು ಆ ರವಿವಾರ ಅವ್ವ ನನ್ನಿಂದ ಹೊಲದ ಗರಸು ಹೊರಿಸಿ ತಂದು ತಗ್ಗಿಗೆ ಸುರಿದಳು. ಗರಸು ಎಂದರೆ ರಸ್ತೆಗೆ ಹಾಕುವ ಕೆಂಪು ಕಲ್ಲುಮಣ್ಣು. ನೀರು ಚಿಮುಕಿಸಿ, ದಿಮ್ಮಸದಿಂದ ಬಡಿದು, ಮೇಲೆ ಸಗಣಿ ಸಾರಿಸಿ, "ನೋಡು, ಲೆವೆಲ್ ಆತು" ಎಂದಳು. ಆ ದಿನದ ಪುಟದ ಅಂಚಿನಲ್ಲಿ ಹೀಗಿದೆ: ಗರಸು, ೨ ಬುಟ್ಟಿ. ದಿನದ ಕೆಲಸ ಬರೆದಿಡುವುದು ನನ್ನ ರೂಢಿ, ಅಷ್ಟೇ. ಆಮೇಲಿನ ರವಿವಾರಗಳಲ್ಲೂ ಅಂಚಿನಲ್ಲಿ ಗರಸು ಬರುತ್ತ ಹೋಗಿದೆ.

ದಿಮ್ಮಸ ಬಡಿಯುವಾಗ ಆ ಮೂಲೆಯಲ್ಲಿ ಸದ್ದು ಬೇರೆ ಬರುತ್ತಿತ್ತು. ಬೇರೆಡೆ ತಟ್ ಎಂದರೆ ಅಲ್ಲಿ ಡಬ್.

"ಅವ್ವಾ, ಅಲ್ಲಿ ಟೊಳ್ಳ ಅನಸ್ತೈತಿ."

"ಹಳೀ ನೆಲ ಹಂಗ ಅಂತೈತಿ. ನಿನ್ನ ಪುಸ್ತಕದಾಗ ಅದನ್ನೂ ಬರಕೋ ಹೋಗು."

ಬರೆದುಕೊಂಡಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ೩ಕ್ಕೆ ಗೋಕಾಕದ ದವಾಖಾನೆಯಲ್ಲಿ ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ೬ನೇ ತಾರೀಖು ಮನೆಗೆ ಕರೆತಂದೆವು. ಮಾಳಿಗೆ ಸೋರುತ್ತದೆಂದು ಅವ್ವ ಹೊರಸನ್ನು, ಅಂದರೆ ಅಕ್ಕನ ಹಗ್ಗದ ಮಂಚವನ್ನು, ಈ ಸಲ ಆ ಮೂಲೆಗೇ ಹಾಕಿದ್ದಳು. ಹಿಂದಿನ ದಿನ ಕೋಣೆ ಸಾರಿಸುವಾಗ ಮತ್ತೆ ಗರಸು ಬೇಕಾಗಿತ್ತು, ಆರು ಬುಟ್ಟಿ. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವವರೆಗೆ ಬಾಣಂತಿ ಕೋಣೆಯ ಹೊಸ್ತಿಲು ದಾಟಬಾರದು, ಹೊರಗಿನ ಗಂಡಸರು ಒಳಗೆ ಬರಬಾರದು. ನಮ್ಮಲ್ಲಿ ಇದು ನಡೆದುಬಂದದ್ದು.

ಮರುದಿನ, ೭ರಂದು, ರವಿವಾರ ಮಧ್ಯಾಹ್ನ ಅಕ್ಕ ನನ್ನನ್ನು ಕರೆದು, "ತಲಿ ಕಡೆ ಇಳಕಲ ಆಗೇತಿ ನೋಡ. ಕೂಸ ಸರದ ಸರದ ಗ್ವಾಡಿ ಕಡೆ ಹೊಂಟೈತಿ" ಎಂದಳು. ಅವ್ವ ಅಷ್ಟರಲ್ಲೇ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹೊರಸಿನ ಆ ಕಾಲಿನ ಕೆಳಗೆ ತುರುಕಿದಳು. "ಈಗ ಲೆವೆಲ್ ಆತಿಲ್ಲ?" ಎಂದಳು. ನಾನು ಗೆರೆ ಎಳೆಯಲು ದಿನಚರಿ ತೆಗೆದೆ. ಆಗ ಕಂಡದ್ದು ಅಂಚಿನ ಲೆಕ್ಕ.

ಜೂನ್ ೧೫, ಎರಡು ಬುಟ್ಟಿ. ೨೯, ಎರಡು. ಜುಲೈ ೬, ಮೂರು. ೧೩, ಮೂರು. ೨೭, ನಾಲ್ಕು. ಆಗಸ್ಟ್ ೩, ಐದು. ೧೭, ಆರು. ೩೧, ಏಳು. ಸೆಪ್ಟೆಂಬರ್ ೫, ಆರು. ಕೂಡಿಸಿದರೆ ಮೂವತ್ತೆಂಟು.

ಬುಟ್ಟಿಯನ್ನು ಅಂಗಳಕ್ಕೆ ತಂದು ಎಷ್ಟು ಹಿಡಿಯುತ್ತದೆಂದು ಅಳೆದೆ. ಹನ್ನೆರಡು ಲೀಟರಿನ ಕೊಡಕ್ಕೆ ಸರಿಸಮ. ಕೋಣೆ ಹತ್ತಡಿಗೆ ಒಂಬತ್ತಡಿ. ಅಷ್ಟು ಗರಸನ್ನು ಇಡೀ ಕೋಣೆಗೆ ಹರಡಿದ್ದರೂ ನೆಲ ಎರಡು ಇಂಚು ಏರಬೇಕು. ಒಂದೇ ಮೂಲೆಗೆ ಹಾಕಿದ್ದೆವಾದ್ದರಿಂದ ಅಲ್ಲೊಂದು ದಿಬ್ಬವೇ ಇರಬೇಕಿತ್ತು. ಕೋಣೆಯ ಹೊಸ್ತಿಲಿನ ಎತ್ತರ ನೋಡಿದೆ, ಜೂನಿನಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ನೆಲ ಸಪಾಟಾಗಿತ್ತು, ಸಗಣಿಯ ಗೆರೆಗಳು ಚೆಂದಾಗಿ ಒಣಗಿದ್ದವು. ಮೂವತ್ತೆಂಟು ಬುಟ್ಟಿ ಎಲ್ಲಿ ಹೋಯಿತು ಎಂದು ಅವ್ವನನ್ನು ಕೇಳಿದೆ.

"ಮಣ್ಣ ಮಣ್ಣಾಗ ಕೂಡತೈತಿ. ಅದಕ್ಕೂ ಲೆಕ್ಕ ಕೇಳತಿಯೇನ?"

ಬಾಣಂತಿಯ ಮುಂದೆ ಹೆದರಿಕೆಯ ಮಾತು ಆಡಬಾರದೆಂದು ಕಣ್ಣಲ್ಲೇ ಗದರಿಸಿದಳು. ಅಕ್ಕ ಕೂಸಿಗೆ ಹಾಲು ಕುಡಿಸುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದಳು.

೮ರಂದು ಸಂಜೆ ಅಂಕಲಗಿಯಿಂದ ಗೌಂಡಿ ಕಾಕಾನನ್ನು ಕರೆತಂದೆ. ನಮ್ಮ ಪಡಸಾಲೆಗೆ ಫರಸಿ ಹಾಸಿದವರು ಅವರೇ. ಗಡ್ಡ ಬೆಳ್ಳಗಾಗಿದೆ, ಕೈ ಇನ್ನೂ ಅಲುಗಾಡುವುದಿಲ್ಲ. ನೀರು ತುಂಬಿದ ಪಾರದರ್ಶಕ ಕೊಳವೆ ಹೆಗಲಿಗೆ ಸುತ್ತಿಕೊಂಡು ಬಂದರು. ಎಷ್ಟು ದೂರ ಎಳೆದರೂ ಅದರ ಎರಡು ತುದಿಗಳಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅವರದು ಅದೇ ಲೆವೆಲ್ಲು.

"ಏನವಾ ಇಂಜಿನಿಯರ, ನಿನ್ನ ದುರ್ಬೀನ ಏನಾತು?"

"ಅದು ಆಫೀಸಿನ್ದರಿ ಕಾಕಾ. ಮನಿಗೆ ತರಾಕ ಕೊಡಾಂಗಿಲ್ಲ."

"ಚಲೋನ ಆತ ಬಿಡು. ನೀರ ಸುಳ್ಳ ಹೇಳಾಂಗಿಲ್ಲ."

ಕೋಣೆಯೊಳಗೆ ಅವರು ಬರುವಂತಿರಲಿಲ್ಲ. ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತು ಕೊಳವೆಯ ಒಂದು ತುದಿ ಹಿಡಿದರು. ಇನ್ನೊಂದು ತುದಿಯನ್ನು ನಾನು ಒಳಗೆ ಒಯ್ದು ನಾಲ್ಕೂ ಗೋಡೆಗೆ ಎದೆಯೆತ್ತರದಲ್ಲಿ ಪೆನ್ಸಿಲ್ ಗುರುತು ಹಾಕಿದೆ. ಗುರುತಿನಿಂದ ನೆಲದವರೆಗೆ ನಾಲ್ಕು ಮೂಲೆ ಅಳೆದು ತಾರೀಖು ಹಾಕಿದೆ. ನಾನು ಅಂಕಿ ಕೂಗುವುದು, ಅವರು ಹೊರಗಿನಿಂದ ಹೂಂಗುಟ್ಟುವುದು. ಮೂರು ದಿನ ದಿಮ್ಮಸ ಮುಟ್ಟಬೇಡ, ಗರಸು ಹಾಕಬೇಡ ಎಂದು ಅವ್ವನಿಗೆ ಅವರೇ ಹೇಳಿದರು. ಅವ್ವ ಅವರಿಗೆ ಎದುರಾಡುವುದಿಲ್ಲ. "ಮುಟ್ಟೂದಿಲ್ಲ ತಗೋರಿ" ಎಂದಳು.

೯ರ ಬೆಳಿಗ್ಗೆ ಏಳೂವರೆಗೆ ಬಾಣಂತಿ ಮತ್ತು ಕೂಸಿಗೆ ನೀರು ಹಾಕಿದ ಮೇಲೆ ಹೊರಸಿನ ಕೆಳಗೆ ಕೆಂಡ ತುಂಬಿದ ಶೇಗಡಿ ಇಟ್ಟೆವು. ಕೆಂಡದ ಮೇಲೆ ಅವ್ವ ಲೋಬಾನ, ಬೇವಿನೆಲೆ ಹಾಕಿದಳು. ಹೊಗೆ ಎದ್ದಿತು, ಹೊರಸಿನ ಹಗ್ಗದ ನಡುವೆ ಹಾದು ಮೇಲೇರಿತು. ಅದರಲ್ಲಿ ಒಂದೆಳೆ ಮಾತ್ರ ಮೇಲೇರಲಿಲ್ಲ. ನೆಲಕ್ಕೆ ತಾಗಿಕೊಂಡು ಗೋಡೆಯ ಬುಡಕ್ಕೆ ಹೋಗಿ ಅಲ್ಲಿ ಕಾಣೆಯಾಗುತ್ತಿತ್ತು. ಬಗ್ಗಿ ನೋಡಿದೆ. ಗೋಡೆಗೂ ನೆಲಕ್ಕೂ ನಡುವೆ ಬಳೆ ತೂರುವಷ್ಟು ಸೀಳು ಬಿಟ್ಟಿತ್ತು. ಹೊಗೆ ಅದರೊಳಗೆ ಇಳಿಯುತ್ತಿತ್ತು. ಬೆರಳು ಹಿಡಿದೆ. ತಂಪಿತ್ತು. ಅಕ್ಕ ಮೇಲಿನಿಂದ, "ಏನ ನೋಡಾಕತ್ತಿ?" ಎಂದಳು. "ಕಿವಿಯೋಲಿ ಬಿದ್ದೈತಿ" ಎಂದೆ. ಕಿವಿಯೋಲೆ ನನ್ನ ಕಿವಿಯಲ್ಲೇ ಇತ್ತು. ಅವಳಿಗೆ ಕಂಡಿರಬೇಕು. ಅವಳು ಕೂಸನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

೧೧ರಂದು ಮತ್ತೆ ಅಳೆದೆ. ಮೂರು ಮೂಲೆ ಇದ್ದಲ್ಲೇ ಇದ್ದವು. ಓಣಿ ಕಡೆಯ ಮೂಲೆ ಮೂರು ದಿನದಲ್ಲಿ ಹನ್ನೊಂದು ಮಿಲಿಮೀಟರ್ ಇಳಿದಿತ್ತು.

೧೨, ಶುಕ್ರವಾರ. ಕಾಕಾ ನಮಾಜು ಮುಗಿಸಿಕೊಂಡು ಮೂರಕ್ಕೆ ಹತ್ತು ನಿಮಿಷ ಇರುವಾಗ ಬಂದರು. ಸದ್ದು ಕೇಳಿ ಎದುರುಮನೆಯ ಆಯಿಯೂ ಬಂದು ಪಡಸಾಲೆಯಲ್ಲಿ ಕೂತಳು. ನಮ್ಮ ಓಣಿಯಲ್ಲಿ ಎಲ್ಲರಿಗಿಂತ ವಯಸ್ಸಾದವಳು ಅವಳು. ಕಾಕಾ ನಾಲ್ಕಡಿ ಉದ್ದದ ಕಬ್ಬಿಣದ ಸಲಾಕೆ ಬಾಗಿಲಿನಿಂದ ನನ್ನ ಕೈಗೆ ಕೊಟ್ಟು, ಮೂಲೆಯಲ್ಲಿ ಮೆಲ್ಲಗೆ ಇಳಿಸಿ ನೋಡು ಎಂದರು. ಹೊರಸಿನ ಕಾಲಿನಿಂದ ಒಂದೂವರೆ ಅಡಿ ದೂರ ನಿಂತು ಸುತ್ತಿಗೆಯಿಂದ ಹೊಡೆದೆ. ಮೂರು ಏಟಿಗೆ ಒಂದು ಗೇಣು ಹೋಯಿತು. ಆರನೆಯ ಏಟಿಗೆ ಕಲ್ಲು ತಾಗಿದಂತಾಗಿ ನಿಂತಿತು. ತುಸು ಪಕ್ಕಕ್ಕೆ ವಾಲಿಸಿ ಇನ್ನೊಂದು ಹೊಡೆದೆ. ಸಲಾಕೆ ನನ್ನ ಕೈಯಿಂದ ಜಾರಿ ಒಳಗೆ ಹೋಗಿಬಿಟ್ಟಿತು. ಇಡೀ ನಾಲ್ಕಡಿ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಳಗೆ, ಬಹಳ ಕೆಳಗೆ, ನೀರಿಗೆ ಬಿದ್ದ ಸದ್ದು.

ಪಡಸಾಲೆಯಿಂದ ಕಾಕಾನ ದನಿ ಬಂತು. "ಹಂಗಾ ನಿಲ್ಲವಾ. ಹೆಜ್ಜಿ ಎತ್ತಬ್ಯಾಡ. ಅಕ್ಕನ್ನ ಹೊರಗ ಕಳಸು ಮದ್ಲ."

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಇವತ್ತ ಹತ್ತನೇ ದಿನ ಐತಿ. ಇನ್ನ ಮೂರ ದಿನ. ಸೂತಕದಾಗ ಎಲ್ಲಿ ಹೋಗ್ತಾಳ? ಯಾರ ಮನ್ಯಾಗ ಕರಕೋತಾರ?"

ಪಡಸಾಲೆಯಿಂದ ಆಯಿ ಹೇಳಿದಳು: "ನನ್ನ ಮನಿಗೆ ಕಳಸ. ನನ್ನ ದೇವರೂ ನನ್ನಂಗ ಮುದಕ ಆಗ್ಯಾನ, ಅವಗ ಸೂತಕಗೀತಕ ಏನೂ ತಿಳಿಯೂದಿಲ್ಲ."

ಅಕ್ಕ ಆಗಲೇ ಎದ್ದಿದ್ದಳು. ಕೂಸನ್ನು ಎದೆಗೆ ಕಟ್ಟಿಕೊಂಡಿದ್ದಳು. "ಅವ್ವಾ, ಆಚೆ ಸರಿ" ಎಂದಳು. ಅವ್ವ ಸರಿಯಲಿಲ್ಲ. "ಮೈಲಿಗಿ ಆದ್ರ ತೊಳಕೋತೀನಿ. ಈ ಕೂಸ ಒಳಗ ಹೋದ್ರ ಯಾರ ತರತಾರ?" ಎಂದು ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು. ಅವ್ವ ಬಾಗಿಲ ಚೌಕಟ್ಟಿನಿಂದ ಕೈ ತೆಗೆದಳು. ಅಕ್ಕ ಗೋಡೆ ಹಿಡಿದುಕೊಂಡು, ದೂರದ ಅಂಚಿನಿಂದ ನಡೆದು ಹೊಸ್ತಿಲು ದಾಟಿದಳು. ಅವಳ ಹಿಂದೆ ನಾನು. ಗಂಟೆ ಮೂರು ಇಪ್ಪತ್ತು.

ಮರುದಿನ ಯಮಕನಮರಡಿಯಿಂದ ಅಪ್ಪ ಬಂದ. ಹೊರಸು ತೆಗೆದು, ಬಾಗಿಲಿಗೆ ಹಗ್ಗ ಕಟ್ಟಿ ಅದನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡು ಕಾಕಾ ಮೂಲೆಯ ಮಣ್ಣು ಕೆದರಿದರು. ಎರಡಡಿ ಕೆಳಗೆ ಚಪ್ಪಡಿಕಲ್ಲು, ನಡುವೆ ಸೀಳಿ ಎರಡಾಗಿತ್ತು. ಒಂದು ಹೋಳು ಆಗಲೇ ಒಳಗೆ ವಾಲಿತ್ತು. ಅದರ ಕೆಳಗೆ ಹಗೇವು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಕೊಡದ ಹೊಟ್ಟೆಯಂತೆ ಅಗಲ. ಇದನ್ನು ಓದಿ ಗೊತ್ತಿತ್ತು, ನಮ್ಮ ಮನೆಯಲ್ಲಿದೆ ಎಂದು ಗೊತ್ತಿರಲಿಲ್ಲ. ಕಾಕಾ ಕಂದೀಲು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಆರಡಿಗೆ ದೀಪ ಸಣ್ಣದಾಗಿ ಆರಿತು. ಎತ್ತಿ, ಹಚ್ಚಿ, ಮತ್ತೆ ಬಿಟ್ಟರು. ಅಲ್ಲಿಗೇ ಬಂದು ಮತ್ತೆ ಆರಿತು. "ಒಳಗ ಕೆಟ್ಟ ಗಾಳಿ ಐತಿ. ಇಳದಾವನ ಜೀವ ಮಾತಾಡೂದರಾಗ ಹೊಕ್ಕೈತಿ" ಎಂದರು. ದಾರಕ್ಕೆ ಕಲ್ಲು ಕಟ್ಟಿ ಅಳೆದೆ. ಹದಿಮೂರಡಿ, ಅದರಲ್ಲಿ ನಾಲ್ಕಡಿ ನೀರು. ಮೂರು ರಸ್ತೆಗಳ ಮೇಲಿನಿಂದ ಇಳಿದು ಬಂದ ಓಣಿಯ ನೀರೇ ಇರಬೇಕು. ಆಮೇಲೆ ಕಾಕಾ ಉದ್ದನೆಯ ಗಳ ಇಳಿಸಿ ಸುತ್ತ ತಡಕಿ ನೋಡಿದರು. ಒಳಹೊಟ್ಟೆ ಮೂಲೆಯಿಂದ ಕೋಣೆಯ ನಡುವಿನವರೆಗೂ ಹರಡಿತ್ತು. ಮೂರು ತಿಂಗಳು ಅಕ್ಕ ನಡೆದಾಡಿದ್ದು, ಬಾಣಂತಿಯಾಗಿ ಏಳು ದಿನ ಮಲಗಿದ್ದು ಅದರ ಮೇಲೆ. ಅವ್ವ ದಿಮ್ಮಸ ಬಡಿದದ್ದೂ ಅದರ ಮೇಲೆ.

ಅಪ್ಪ ಹೊಸ್ತಿಲ ಮೇಲೆ ಕೂತು ಕಂದೀಲಿನ ಹಗ್ಗ ಸುತ್ತಿಟ್ಟ. ಕೊನೆಗೆ, "ಆ ಮೂಲ್ಯಾಗ ಭಾರ ಇಡಬ್ಯಾಡ್ರಿ ಅಂತ ನಮ್ಮಪ್ಪ ಅಂತಿದ್ದ. ದೇವರದ ಏನರ ಇರಬೇಕು ಅಂದಕೊಂಡಿದ್ದೆ" ಎಂದ.

"ಬಾಯಿ ಬಿಟ್ಟ ಹೇಳಾಕ ಏನಾಗಿತ್ತ?" ಎಂದಳು ಅವ್ವ.

ಅದಕ್ಕೆ ಉತ್ತರ ಕೊಟ್ಟವಳು ಆಯಿ. ಅವತ್ತು ಸಂಜೆ ಅವಳ ಮನೆಯಲ್ಲಿ, ಅಕ್ಕನ ಹೊರಸಿನ ಪಕ್ಕ ಕೂತಾಗ. "ಹಗೇವ ಎಲ್ಲೈತಿ ಅಂತ ಯಾರೂ ಹೇಳತಿದ್ದಿಲ್ಲವಾ. ಜೋಳ ಎಲ್ಲೈತಿ ಅಂತ ಹೇಳಿದ್ರ ಕಳ್ಳಗ ಕೀಲಿ ಕೊಟ್ಟಂಗ. ಸೊಸಿಗೂ ಹೇಳತಿದ್ದಿಲ್ಲ, ಅಕಿ ತವರಮನ್ಯಾಗ ಅಂದಾಳು ಅಂತ. ಮಗಗ ಹೇಳತಿದ್ರು, ಅದೂ ಸಾಯೂ ಮುಂದ. ನಿಮ್ಮಜ್ಜಗ ಸಾಯೂ ಮುಂದ ಮಾತ ಹೋಗಿತ್ತಲ್ಲ."

ಜೋಳ ತುಂಬುವುದು ನಿಂತು, ಬಾಯಿಗೆ ಚಪ್ಪಡಿ ಇಟ್ಟು, ಮೇಲೆ ನೆಲ ಮಾಡಿದ್ದರು. ಗುಟ್ಟಿನ ಕಾರಣ ಹೋದ ಮೇಲೂ ಗುಟ್ಟು ಉಳಿದಿತ್ತು.

ಎರಡು ದಿನ ನೀರು ಎತ್ತಿ, ಮೂರು ಟ್ರೇಲರ್ ಕಲ್ಲು ಮತ್ತು ಗರಸು ತುಂಬಿದೆವು. ಕಾಕಾ ಪದರು ಪದರಾಗಿ ಬಡಿಸಿದರು. ಕೋಣೆ ಗಟ್ಟಿಯಾಯಿತು. ಕೂಸನ್ನು ಆಯಿಯ ಮನೆಯಲ್ಲೇ ತೊಟ್ಟಿಲಿಗೆ ಹಾಕಿದೆವು. ಇನ್ನು ಅಕ್ಕನನ್ನು ಮನೆಗೆ ಕರೆತರಬೇಕು ಎಂದು ಅವ್ವ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾಗ ಆಯಿ ಇನ್ನೊಂದು ಮಾತು ಅಂದಳು.

"ಒಂದಾ ಹಗೇವ ಇದ್ದ ಮನಿ ನಾ ನೋಡಿಲ್ಲ. ಒಂದ ತಗದ ಉಣ್ಣೂ ಹೊತ್ತಿಗೆ ಇನ್ನೊಂದ ಮುಚ್ಚೇ ಇರಬೇಕ. ಮಳಿ ಕೈಕೊಟ್ಟ ವರ್ಷಕ್ಕಂತ ಅದು."

"ನಮ್ಮದ ಎರಡನೇದ ಎಲ್ಲೈತಿ ಆಯಿ?" ಎಂದು ಅಕ್ಕ ಕೇಳಿದಳು.

"ನಾ ಈ ಓಣಿಗೆ ಸೊಸಿಯಾಗಿ ಬಂದ ವರ್ಷ, ನಿಮ್ಮ ಮುತ್ತ್ಯಾ ಬೆಳ್ಳಬೆಳಗ ಮನಿ ಹೊರಗಿಂದ ಜೋಳದ ಬುಟ್ಟಿ ಹೊತಗೊಂಡ ಬರೂದ ಕಂಡಿದ್ದೆ. ಎಲ್ಲಿಂದ ಅಂತ ನೋಡಿಲ್ಲ. ನೋಡಬಾರದಿತ್ತ ಆವಾಗ."

ಹೊರಗೆ ಎಂದರೆ ಹಿತ್ತಲೂ ಆಗಬಹುದು, ಓಣಿಯೂ ಆಗಬಹುದು. ಹಿತ್ತಲನ್ನು ಅಪ್ಪ ಮತ್ತು ಕಾಕಾ ಸಲಾಕೆ ಹಾಕಿ ಎರಡಡಿಗೊಂದರಂತೆ ನೋಡಿದರು. ಅರವತ್ತೆರಡು ಕಡೆ. ಎಲ್ಲಿಯೂ ಇಲ್ಲ. ಓಣಿಗೆ ಸಲಾಕೆ ಹಾಕುವಂತಿಲ್ಲ, ಮೂರು ಪದರು ಸಿಮೆಂಟ್. ಮೇಸ್ತ್ರಿಯನ್ನು ಕಾಡಿ ಬೇಡಿ ಆಫೀಸಿನ ಯಂತ್ರವನ್ನು ಸೆಪ್ಟೆಂಬರ್ ೨೦ಕ್ಕೆ ಒಂದು ದಿನ, ನಿನ್ನೆ ಒಂದು ದಿನ ತಂದೆ. ನಮ್ಮ ಮನೆಯ ಮುಂದೆ ಹದಿನೈದು ಕಡೆ ಸುಣ್ಣದ ಚುಕ್ಕಿ ಇಟ್ಟು ಅಳೆದೆ. ಹದಿನಾಲ್ಕು ಇದ್ದಲ್ಲೇ ಇವೆ. ನಮ್ಮ ಕೋಣೆಯ ಗೋಡೆಗೆ ಹತ್ತಿರದ ಒಂದು ಆರು ಮಿಲಿಮೀಟರ್ ಇಳಿದಿದೆ. ಅಳತೆಯಲ್ಲಿ ನನ್ನ ತಪ್ಪೂ ಇರಬಹುದು. ಎರಡು ಸಲ ಅಳೆದೆ, ಎರಡೂ ಸಲ ಆರು.

ಅದಕ್ಕೂ ಮೊದಲೇ ಪಂಚಾಯಿತಿಗೆ ಹೋಗಿ ಅರ್ಜಿ ಕೊಟ್ಟಿದ್ದೆ. ಅಲ್ಲಿದ್ದವರು ಒಳ್ಳೆಯ ಮಾತಿನಿಂದಲೇ, "ರಸ್ತಾ ಚಂದ ಐತಲ್ರಿ, ಒಂದ ಸೀಳ ಇಲ್ಲ. ಒಡಿಸೂದ ಅಂದ್ರ ನಮ್ಮ ಲೆವೆಲ್ಲಿನ ವಿಷಯ ಅಲ್ಲ" ಎಂದರು. ಅವರ ತಪ್ಪೆಂದು ನಾನು ಹೇಳಲಾರೆ. ಎಲ್ಲಿ ಒಡೆಯಬೇಕು ಎಂದು ಕೇಳಿದರೆ ತೋರಿಸಲು ನನ್ನ ಬಳಿ ಈಗಲೂ ಇರುವುದು ಒಂದು ಸುಣ್ಣದ ಚುಕ್ಕಿ. ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಇದೇ ಓಣಿಯಲ್ಲಿ, ನಮ್ಮ ಗೋಡೆಗೆ ಒರಸಿಕೊಂಡೇ ಹೋಗುತ್ತವೆ. ಗೋಡೆಯ ಈಚೆಗೆ ಬಾಣಂತಿಯ ಕೋಣೆ.

ಅಕ್ಕ ಬರಲಿಲ್ಲ. ಅಕ್ಟೋಬರ್ ೬ಕ್ಕೆ ಗಂಡನ ಮನೆಗೆ, ಹುಕ್ಕೇರಿಗೆ ಹೋದಳು. ಚೊಚ್ಚಲ ಬಾಣಂತನ ಐದು ತಿಂಗಳು ತವರಿನಲ್ಲಿ ಆಗಬೇಕು. ಅವಳದು ಐದು ವಾರವೂ ತುಂಬಲಿಲ್ಲ, ಅದರಲ್ಲೂ ಮುಕ್ಕಾಲು ಪಾಲು ನೆರೆಮನೆಯಲ್ಲಿ. ಮಂದಿ ಅವ್ವನನ್ನು ನೇರವಾಗಿ ಏನೂ ಕೇಳುವುದಿಲ್ಲ, "ಮಗಳ ಲಗೂನ ಹೋದ್ಲಲ್ಲ" ಎನ್ನುತ್ತಾರೆ. ಬಸ್ಸು ಹತ್ತುವಾಗ ಅಕ್ಕ ಅವ್ವನಿಗೆ, "ಎರಡನೇದ ಎಲ್ಲೈತಿ ಅನ್ನೂದ ಗೊತ್ತಾಗಲಿ, ಮರುದಿನಾನ ಕೂಸಿನ್ನ ಕರಕೊಂಡ ಬರ್ತೀನಿ" ಎಂದಳು. ಅವ್ವ ತಲೆಯಾಡಿಸಿದಳು. ಅವತ್ತಿನಿಂದ ಅವಳು ಲೆವೆಲ್ ಎಂಬ ಮಾತು ಆಡಿದ್ದನ್ನು ನಾನು ಕೇಳಿಲ್ಲ. ನಾನೂ ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ.

ಆದ್ದರಿಂದ ಇದನ್ನು ಓದುವವರಲ್ಲಿ ನನ್ನದೊಂದು ಕೇಳಿಕೆ. ಅಂಕಲಗಿ ಸುತ್ತಿನ ಹಳ್ಳಿಗಳಲ್ಲಿ ಹಗೇವು ತೋಡುತ್ತಿದ್ದವರ, ಅದಕ್ಕೆ ಇಳಿದು ಜೋಳ ತೆಗೆಯುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ನೀವಾಗಿದ್ದರೆ, ಮನೆಯ ಗೋಡೆಯಿಂದ ಎಷ್ಟು ಮೊಳ ಬಿಟ್ಟು, ಯಾವ ದಿಕ್ಕಿಗೆ ತೋಡುವುದು ರೂಢಿಯಾಗಿತ್ತು ಎಂದು ಬರೆಯಿರಿ. ಎರಡು ಹಗೇವುಗಳ ನಡುವೆ ಎಷ್ಟು ಅಂತರ ಬಿಡುತ್ತಿದ್ದರು, ಬಾಯಿಯ ಗುರುತಿಗೆ ಏನಾದರೂ ಇಡುತ್ತಿದ್ದರೇ, ಅದನ್ನೂ ಬರೆಯಿರಿ. ಈ ಭಾಗದ ಓಣಿಗಳಿಂದ ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳು ಬೆಳಗಿನ ಜಾವ ಯಾರಾದರೂ ಬುಟ್ಟಿ ಹೊತ್ತು ಬರುವುದನ್ನು ಕಂಡಿದ್ದರೆ, ಯಾವ ಕಡೆಯಿಂದ ಬಂದರು ಎಂಬಷ್ಟು ನೆನಪಿದ್ದರೂ ಸಾಕು. ಖಚಿತವಿಲ್ಲದಿದ್ದರೂ ಚಿಂತೆಯಿಲ್ಲ. ಹಂಗಾಮು ಶುರುವಾಗುವ ಮೊದಲು ಬರೆಯಿರಿ.